ಅಳತೆಯಷ್ಟೇ ಸಾಕೇ, ಆರೈಕೆ ಬೇಡವೇ?

ಹೆರಿಗೆಯ ನಂತರದ ಅತಿ ರಕ್ತಸ್ರಾವವನ್ನು ತಡೆಯುವ ಔಷಧಗಳು ಹೊಸವೇನಲ್ಲ. ಆದರೂ ಬಾಣಂತಿಯರು ಅದರಿಂದ ಸಾಯುತ್ತಲೇ ಇದ್ದಾರೆ. ಎಷ್ಟು ರಕ್ತ ಹೋಗಿದೆ ಎಂಬುದು ಹೊತ್ತಿಗೆ ಸರಿಯಾಗಿ ತಿಳಿಯದಿರುವುದು ಇದಕ್ಕೊಂದು ಮುಖ್ಯ ಕಾರಣ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ತಂಡವು ಅಮೆರಿಕದ ಸಂಶೋಧಕರೊಂದಿಗೆ ಸುತ್ತಲಿನ ಹಳ್ಳಿಗಳಲ್ಲಿ ಈ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಪರೀಕ್ಷಿಸಿದಾಗ ಇದೇ ಪ್ರಶ್ನೆ ಎದುರಾಗಿತ್ತು. ಅದಕ್ಕಾಗಿ ರೂಪುಗೊಂಡದ್ದು ಬಾಣಂತಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ. ಅದರ ತುದಿಯಲ್ಲೊಂದು ಚೀಲ, ಚೀಲದ ಮೇಲೆ ಮಿಲಿಲೀಟರ್ ಗೆರೆಗಳು. ಕಣ್ಣಂದಾಜು ನಿಜವಾದ ನಷ್ಟಕ್ಕಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ ಎಂದು ಈ ಹಾಳೆ ತೋರಿಸಿಕೊಟ್ಟಿತು. 1,620 ಮಹಿಳೆಯರ ಆ ಅಧ್ಯಯನ 2006ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ಮಾತ್ರೆ ಪಡೆದವರಲ್ಲಿ ಅತಿ ರಕ್ತಸ್ರಾವ ಶೇ 6.4, ಪಡೆಯದವರಲ್ಲಿ ಶೇ 12.

ಹಾಗಾದರೆ ಎಲ್ಲ ಆಸ್ಪತ್ರೆಗಳಿಗೂ ಇಂಥ ಚೀಲ ಹಂಚಿದರೆ ಮುಗಿಯಿತೇ? ಯುರೋಪಿನ 13 ದೇಶಗಳಲ್ಲಿ ಅದನ್ನೂ ಮಾಡಿ ನೋಡಿದರು. 2010ರಲ್ಲಿ ಬಂದ ಫಲಿತಾಂಶ ನಿರಾಶಾದಾಯಕ: ಚೀಲ ಬಂದಲ್ಲೂ ಬಾರದಲ್ಲೂ ತೀವ್ರ ರಕ್ತಸ್ರಾವದ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ ಮತ್ತು ತಾಂಜಾನಿಯಾದ ಸುಮಾರು 80 ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ‘ಇ-ಮೋಟಿವ್’ ಅಧ್ಯಯನ ಚೀಲದ ಜೊತೆಗೆ ಕೆಲಸವನ್ನೂ ಕಟ್ಟಿಕೊಟ್ಟಿತು. ಗೆರೆ ದಾಟಿದ ಕೂಡಲೇ ಗರ್ಭಕೋಶವನ್ನು ನೀವುವುದು, ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್, ರಕ್ತ ಎಲ್ಲಿಂದ ಬರುತ್ತಿದೆ ಎಂಬ ಪರೀಕ್ಷೆ, ಎಲ್ಲವೂ ಒಟ್ಟಿಗೇ ಶುರುವಾಗಬೇಕು. ಬೇಕಾದ ಸಾಮಗ್ರಿ ಒಂದೇ ಟ್ರಾಲಿಯಲ್ಲಿ ಸಿದ್ಧವಿರಬೇಕು. ತಮ್ಮ ವಾರ್ಡ್‌ನ ಅಂಕಿಅಂಶ ನರ್ಸ್‌ಗಳ ಕೈಗೇ ಮರಳಿ ಬರುತ್ತಿತ್ತು. ಹೀಗೆ ಮಾಡಿದಲ್ಲಿ ರಕ್ತಸ್ರಾವವನ್ನು ಗುರುತಿಸಿದ ಪ್ರಮಾಣ ಶೇ 93, ಎಂದಿನಂತೆ ನಡೆದಲ್ಲಿ ಶೇ 51. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ತೆರೆಯುವ ಶಸ್ತ್ರಚಿಕಿತ್ಸೆ ಅಥವಾ ಸಾವು, ಇವೆಲ್ಲ ಸೇರಿ ಶೇ 4.3 ಇದ್ದಲ್ಲಿ ಶೇ 1.6 ಆಯಿತು. ಇಳಿದದ್ದು ಮುಖ್ಯವಾಗಿ ತೀವ್ರ ರಕ್ತಸ್ರಾವವೇ. ಆದರೆ ಒಂದು ಲೀಟರ್ ರಕ್ತ ಕಳೆದುಕೊಂಡ ರಕ್ತಹೀನ ಬಾಣಂತಿಯ ಪಾಡು ಬಲ್ಲವರಾರೂ ಅದನ್ನು ಸಣ್ಣ ಸಾಧನೆ ಎನ್ನಲಾರರು.

ತರಬೇತಿ, ಮೇಲ್ವಿಚಾರಣೆಗಳಿಂದ ಜೀವ ಉಳಿಯುವುದಿಲ್ಲ ಎನ್ನುವವರು ಉತ್ತರ ಪ್ರದೇಶದ ‘ಬೆಟರ್‌ಬರ್ತ್’ ಅಧ್ಯಯನದತ್ತ ಬೊಟ್ಟು ಮಾಡುತ್ತಾರೆ. ಆ ಆಕ್ಷೇಪಕ್ಕೆ ತೂಕವಿದೆ. ಗೋಕಾಕದಲ್ಲಿ ಮೊದಲು ಪರೀಕ್ಷಿಸಿ ಭರವಸೆ ಮೂಡಿಸಿದ್ದ ಹೆರಿಗೆ ತಪಾಸಣಾ ಪಟ್ಟಿಯನ್ನು ಉತ್ತರ ಪ್ರದೇಶದ 120 ಆರೋಗ್ಯ ಕೇಂದ್ರಗಳಲ್ಲಿ ಅಧ್ಯಯನಕ್ಕೆ ಒಳಪಡಿಸಿದರು. ಸಿಬ್ಬಂದಿಯ ಕೆಲಸದ ರೀತಿ ಸುಧಾರಿಸಿತು, ತಾಯಿ–ಶಿಶುಗಳ ಸಾವು ಇಳಿಯಲಿಲ್ಲ. ಹೇಳಿಕೊಡುವವರು ಹಿಂದೆ ಸರಿದ ಮೇಲೆ ಆ ಸುಧಾರಣೆಯೂ ಸ್ವಲ್ಪ ಜಾರಿತು. ಇದರಿಂದ ಸಂಶೋಧನೆ ವ್ಯರ್ಥವೆಂದು ನಾನು ಒಪ್ಪುವುದಿಲ್ಲ. ಹತ್ತಾರು ಕೆಲಸಗಳ ಉದ್ದನೆಯ ಪಟ್ಟಿಗಿಂತ ಒಂದೇ ಅಪಾಯಕ್ಕೆ ಗುರಿಯಿಟ್ಟು, ಸಲಕರಣೆ ಮತ್ತು ಔಷಧವನ್ನು ಕೈಗೆಟುಕುವಂತೆ ಇಟ್ಟಾಗ ಫಲ ಸಿಗುವ ಸಾಧ್ಯತೆ ಹೆಚ್ಚು ಎಂಬುದನ್ನು ಈ ಸೋಲೂ ಕಲಿಸುತ್ತದೆ.

ನರ್ಸ್‌ಗಳಿಗೆ ಈಗಿನ ರಿಜಿಸ್ಟರ್‌ಗಳೇ ಹೊರೆ ಎಂಬ ಮಾತೂ ನಿಜ. ಆದ್ದರಿಂದ ಹೊಸ ನಮೂನೆ ಸೇರಿಸುವ ಮುನ್ನ ಹಳೆಯದೊಂದನ್ನು ತೆಗೆಯಬೇಕು. ಅವರು ಬರೆದು ಮೇಲಕ್ಕೆ ಕಳಿಸಿದ ಮಾಹಿತಿ ಅದೇ ಹೆರಿಗೆ ಕೊಠಡಿಗೆ ಪ್ರತಿ ತಿಂಗಳೂ ಹಿಂದಿರುಗಬೇಕು. ಸರ್ಕಾರ ಸಂಶೋಧನೆಗೆ ಹಣ ಕೊಡುವಾಗಲೇ ಅದನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಜಾರಿಗೊಳಿಸಿ ಅಳೆಯುವ ಖರ್ಚನ್ನೂ ಅದೇ ಬಜೆಟ್‌ನಲ್ಲಿ ತೆಗೆದಿಡಬೇಕು.