‘ಒಂದಿನ ಮಾಡ್ಸೋಣ’ ಅನ್ನುವ ತುಕ್ಕು

ಬೆಳ್ಳಾವಿಯ ನಮ್ಮ ಮನೆ ಹಿತ್ತಲಲ್ಲಿ ಒಂದು ಶೀಟಿನ ಕೊಟ್ಟಿಗೆ ಇದೆ. ದನ ಮಾರಿ ಎಷ್ಟೋ ವರ್ಷ ಆಯ್ತು. ಈಗ ಅಲ್ಲಿರೋದು ತೆಂಗಿನ ಗರಿ, ಮುರಿದ ಮಂಚ, ಯೂರಿಯಾ ಚೀಲ ಹೊದ್ದುಕೊಂಡ ಒಂದು ಯೆಜ್ಡಿ ರೋಡ್‌ಕಿಂಗ್. ಅಪ್ಪ 1991ರಲ್ಲಿ ಕೊಂಡದ್ದು. ಕಡೆಯ ಒಂಬತ್ತು ವರ್ಷ ಅದಕ್ಕೆ ಯಾರೂ ಕಿಕ್ ಹೊಡೆದಿರಲಿಲ್ಲ. ಪ್ರತಿ ಹಬ್ಬಕ್ಕೂ ನಾನು ಚೀಲ ಸರಿಸಿ, ನಾಲ್ಕು ಫೋಟೋ ತೆಗೆದು, ‘ಒಂದಿನ ಮಾಡ್ಸೋಣಪ್ಪ’ ಅಂದು ಬೆಂಗಳೂರು ಬಸ್ ಹತ್ತುತ್ತಿದ್ದೆ.

ನಿಮ್ಮೂರಲ್ಲೂ ಇಂಥದ್ದೊಂದು ಇದ್ದೇ ಇರುತ್ತೆ. ಜಾವಾ, ಬುಲೆಟ್, ರಾಜದೂತ್, ಕಡೆಗೆ ಒಂದು ಚೇತಕ್ಕು. ಕೊಳ್ಳೋಕೆ ಯಾರಾದರೂ ಬಂದರೆ ‘ಇಲ್ಲ ಗುರೂ, ಮಾರಲ್ಲ, ಸೆಂಟಿಮೆಂಟು’ ಅಂತೀವಿ. ಮಾಡಿಸ್ತೀವಾ? ಅದೂ ಇಲ್ಲ. ಹಳೇ ಗಾಡಿಗಳನ್ನು ಗುಜರಿಯವನು ಹಾಳು ಮಾಡಿದ್ದಕ್ಕಿಂತ ಹೆಚ್ಚು, ಪ್ರೀತಿ ಇದೆ ಅಂತ ಹೇಳಿಕೊಂಡು ತಿರುಗುವ ನಾವು ಹಾಳು ಮಾಡಿದ್ದೇವೆ.

ಕಾರಣ ಬಡತನವೂ ಅಲ್ಲ, ಪುರುಸೊತ್ತಿಲ್ಲದ್ದೂ ಅಲ್ಲ. ನಮ್ಮ ತಲೆಯೊಳಗೆ ಕೂತಿರುವ ‘ಫುಲ್ ರೆಸ್ಟೋರೇಷನ್’ ಅನ್ನುವ ಚಿತ್ರ. ಕನ್ನಡಿಯಂಥ ಕ್ರೋಮು, ಶೋರೂಮಿನಿಂದ ಈಗಷ್ಟೇ ಇಳಿದಂಥ ಬಣ್ಣ, ಹಿಂದೆ ನಂದಿ ಬೆಟ್ಟದ ಸೂರ್ಯೋದಯ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ ಅಂತ ಸಾಲುಗಟ್ಟಿ ಬರುವ ಗಾಡಿಗಳನ್ನು ನೋಡಿದವರಿಗೆ ಈ ಆಸೆ ಹುಟ್ಟದಿದ್ದರೆ ಆಶ್ಚರ್ಯ. ನನಗೂ ಹುಟ್ಟಿತು. ಬೆಂಗಳೂರಿನ ಒಬ್ಬರ ಹತ್ತಿರ ಎಸ್ಟಿಮೇಟ್ ಕೇಳಿದೆ. ಒಂದು ಲಕ್ಷದ ಅರವತ್ತು ಸಾವಿರ, ಎಂಟು ತಿಂಗಳು ಅಂದರು.

ಆ ಪಟ್ಟಿಯನ್ನು ಅಪ್ಪನಿಗೆ ಓದಿ ಹೇಳಿದೆ. ಬಣ್ಣ, ಕ್ರೋಮು, ಸೀಟು, ಟ್ಯಾಂಕಿನ ನೆಗ್ಗು ತೆಗೆಯೋದು, ಸ್ಟಿಕ್ಕರು. ಎಲ್ಲ ಕೇಳಿಸಿಕೊಂಡು ಅವರು ಒಂದೇ ಮಾತು ಕೇಳಿದರು: ‘ಎಂಜಿನ್ನು?’

ಎಂಜಿನ್ನು ಪಟ್ಟಿಯ ಕೊನೆಯಲ್ಲಿತ್ತು. ‘ಬಿಚ್ಚಿ ನೋಡಿದ ಮೇಲೆ, ಹೆಚ್ಚುವರಿ’ ಅಂತ.

ಈ ಗಾಡಿಯ ಕಥೆ ಸ್ವಲ್ಪ ಗೊತ್ತಿದ್ದರೆ ಅಪ್ಪನ ಪ್ರಶ್ನೆ ಅರ್ಥವಾಗುತ್ತೆ. ಜೆಕ್ ಕಂಪನಿಯ ಪರವಾನಗಿ ಪಡೆದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕ್ ತಯಾರಿಸಲು ಶುರು ಮಾಡಿತು. ಆಮೇಲೆ ಹೆಸರು ಯೆಜ್ಡಿ ಆಯಿತು, 1978ರಲ್ಲಿ ರೋಡ್‌ಕಿಂಗ್ ಬಂತು. 1985ರಲ್ಲಿ ಹೀರೋ ಹೋಂಡಾದ ನಾಲ್ಕು ಸ್ಟ್ರೋಕಿನ ಸಿಡಿ 100 ಬಂದ ಮೇಲೆ, ಲೀಟರಿಗೆ ಅದರ ಅರ್ಧವೂ ಓಡದ ಎರಡು ಸ್ಟ್ರೋಕಿನ ಗಾಡಿಯನ್ನು ಕೇಳುವವರು ಕಡಿಮೆಯಾದರು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆದರೆ ಹಳ್ಳಿಗಾಡಿನಲ್ಲಿ ಅದರ ಮರ್ಯಾದೆ ಹೋಗಲಿಲ್ಲ. ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಹಿಂದೆ ಎರಡು ಮೂಟೆ ಕೊಬ್ಬರಿ ಕಟ್ಟಿದರೂ ಮುಂದಕ್ಕೆ ಹೋಗುತ್ತೆ. ಅದರ ಬೆಲೆ ಇದ್ದದ್ದು ಓಡುವುದರಲ್ಲಿ. ನಮ್ಮ ಪಟ್ಟಿಯಲ್ಲಿ ಓಡುವುದೇ ಕೊನೆಗೆ ಬಂತು.

‘ಇನ್ವೆಸ್ಟ್‌ಮೆಂಟ್ ಕಣೋ, ರೇಟ್ ಏರ್ತಾ ಇದೆ’ ಅನ್ನುವ ಗೆಳೆಯರಿದ್ದಾರೆ. ಸರಿ, ಲೆಕ್ಕ ಹಾಕೋಣ. ಆ ಒಂದು ಲಕ್ಷದ ಅರವತ್ತು ಸಾವಿರಕ್ಕೆ ಎಂಜಿನ್ ಕೆಲಸ ಸೇರಿಸಿ, ಆರ್‌ಟಿಓ ಖರ್ಚು ಸೇರಿಸಿ, ಬೆಂಗಳೂರಿಗೆ ಸಾಗಿಸಿದ ಟೆಂಪೋ ಬಾಡಿಗೆ ಸೇರಿಸಿ. ಜಾವಾ 2018ರಲ್ಲಿ, ಯೆಜ್ಡಿ 2022ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದಿವೆ. ಇನ್ನೊಂದಿಷ್ಟು ಹಾಕಿದರೆ ಗ್ಯಾರಂಟಿ ಸಮೇತ ಹೊಸ ಗಾಡಿಯೇ ಮನೆಗೆ ಬರುತ್ತೆ. ಅಲ್ಲದೆ ಮಾರಲ್ಲ ಅಂತ ಮೊದಲೇ ಶಪಥ ಮಾಡಿದವರಿಗೆ ರೇಟ್ ಏರಿದರೇನು, ಇಳಿದರೇನು?

‘ವಿಂಟೇಜ್ ಆಗುತ್ತಲ್ಲ’ ಅನ್ನುವವರೂ ಇದ್ದಾರೆ. 2021ರ ಕೇಂದ್ರ ನಿಯಮದ ಪ್ರಕಾರ ವಿಂಟೇಜ್ ಅನ್ನಿಸಿಕೊಳ್ಳಲು ಗಾಡಿಗೆ 50 ವರ್ಷ ತುಂಬಿರಬೇಕು. ಹೊಸ ನೋಂದಣಿಗೆ 20,000 ರೂಪಾಯಿ. ಇಷ್ಟಾದ ಮೇಲೆ ದಿನನಿತ್ಯ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿ, ಇಂಥದ್ದಕ್ಕಷ್ಟೇ ರಸ್ತೆಗೆ ತರಬಹುದು. ಅಪ್ಪನ ಗಾಡಿಗೆ 50 ತುಂಬುವುದು 2041ಕ್ಕೆ. ಆಗ ಅಪ್ಪನಿಗೆ ಎಷ್ಟು ವಯಸ್ಸು ಅನ್ನುವ ಲೆಕ್ಕವನ್ನು ನಾನು ಅರ್ಧಕ್ಕೇ ನಿಲ್ಲಿಸಿದೆ.

ನಿಜವಾದ ಖರ್ಚು ಕಾಯುವುದರಲ್ಲಿದೆ. ಎರಡು ಸ್ಟ್ರೋಕಿನ ಎಂಜಿನ್ನಿಗೆ ಪೆಟ್ರೋಲ್ ಜೊತೆ ಬೆರೆಸಿದ ಆಯಿಲ್ಲೇ ಒಳಗಿನ ಬೇರಿಂಗಿಗೆ ಜೀವ. ಓಡದೆ ನಿಂತರೆ ಆ ಪಸೆ ಆರುತ್ತೆ, ಮಳೆಗಾಲದ ತೇವ ಒಳಗೆ ಕೂರುತ್ತೆ, ಬೇರಿಂಗ್ ತುಕ್ಕು ಹಿಡಿಯುತ್ತೆ. ಪಿಸ್ಟನ್ ರಿಂಗು ಬೋರಿಗೆ ಅಂಟುತ್ತೆ. ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲ್ ಒಣಗಿ ಗೋಂದಾಗುತ್ತೆ. ಆಯಿಲ್ ಸೀಲು ಗಟ್ಟಿಯಾಗಿ ಬಿರುಕು ಬಿಡುತ್ತೆ. ಇತ್ತ ನೋಂದಣಿ ನವೀಕರಿಸದಿದ್ದರೆ ದಂಡವೂ ತಿಂಗಳ ಲೆಕ್ಕದಲ್ಲಿ ಬೆಳೆಯುತ್ತೆ. ಮೊದಲ ವರ್ಷವೇ ಮಾಡಿಸಿದ್ದರೆ ಐದಾರು ಸಾವಿರದಲ್ಲಿ ಮುಗಿಯುತ್ತಿದ್ದ ಕೆಲಸವನ್ನು ನನ್ನ ಸೆಂಟಿಮೆಂಟು ಒಂಬತ್ತು ವರ್ಷ ಬೆಳೆಸಿತು.

ಕೊನೆಗೆ ತುಮಕೂರಿನ ಒಬ್ಬ ಹಳೇ ಮೆಕ್ಯಾನಿಕ್ ಹತ್ತಿರ ಹೋದೆವು. ಅವರು ಬಣ್ಣದ ಮಾತೇ ಎತ್ತಲಿಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿ, ತೂತಿಗೆ ಆಯಿಲ್ ಬಿಟ್ಟು, ‘ಜಾಮ್ ಆಗಿದೆ ಸಾರ್, ಸತ್ತಿಲ್ಲ. ಎರಡು ದಿನ ಬಿಡಿ’ ಅಂದರು. ಬೋರಿಂಗು, ಪಿಸ್ಟನ್ನು, ಕ್ರ್ಯಾಂಕ್ ಬೇರಿಂಗು, ಸೀಲು, ಬ್ರೇಕು, ವೈರಿಂಗು, ಎರಡು ಟೈರು. ಎಲ್ಲ ಸೇರಿ ಮೂವತ್ತಾರು ಸಾವಿರ, ಆರು ವಾರ. ಟ್ಯಾಂಕಿನ ನೆಗ್ಗು ಹಾಗೇ ಇದೆ. ಬಣ್ಣ ಮಾಸಿದ್ದು ಹಾಗೇ ಇದೆ. ಹಳೇ ನೋವು ತಿಳಿದ ಡಾಕ್ಟರ ಹಾಗೆ ಈ ಎಂಜಿನ್ನಿನ ಸದ್ದು ಕೇಳಿಯೇ ಕಾಯಿಲೆ ಹೇಳುವ ಇಂಥವರು ಎಷ್ಟು ಜನ ಉಳಿದಿದ್ದಾರೆ? ಅವರ ಮಕ್ಕಳು ಈ ಕೆಲಸಕ್ಕೆ ಬರುತ್ತಿಲ್ಲ. ನಾವು ‘ಒಂದಿನ’ ಅಂತ ಕಾಯುತ್ತಿರುವಾಗ ಗಾಡಿಗೆ ಮಾತ್ರ ವಯಸ್ಸಾಗುತ್ತಿಲ್ಲ.

‘ಹಾಗಾದ್ರೆ ಅರ್ಧಂಬರ್ಧ ಕೆಲಸವೇ ಸಾಕಾ?’ ಅಂತ ಕೇಳಬಹುದು. ಚೆನ್ನಾಗಿ ಹೊಳೆಸುವುದೂ ಒಂದು ಕುಶಲತೆ, ಒಪ್ಪುತ್ತೇನೆ. ದುಡ್ಡು, ಜಾಗ, ಹುಚ್ಚು ಮೂರೂ ಇದ್ದವರು ಧಾರಾಳವಾಗಿ ಮಾಡಿಸಲಿ. ಆದರೆ ಮೊದಲು ಓಡಲಿ, ಆಮೇಲೆ ಹೊಳೆಯಲಿ. ಬಣ್ಣ ಮುಂದಿನ ವರ್ಷವೂ ಹೊಡೆಸಬಹುದು. ಇನ್ನು ಹೊಗೆಯ ಮಾತು. ಹೌದು, ಎರಡು ಸ್ಟ್ರೋಕಿನ ಹೊಗೆ ಕೆಟ್ಟದ್ದೇ, ಇದನ್ನು ದಿನಾ ಸಿಲ್ಕ್ ಬೋರ್ಡಿಗೆ ತರಬೇಡಿ. ಅದಕ್ಕೇ ನಮ್ಮದು ಊರಲ್ಲೇ ಇದೆ, ವಾರಕ್ಕೊಂದು ಸುತ್ತು ಹೋಗುತ್ತೆ. ಬೇಸ್‌ಮೆಂಟಿನಲ್ಲಿ ಕವರ್ ಹೊದ್ದು ನಿಂತ ಲಕ್ಷಾಂತರದ ಗಾಡಿಗೂ ಯೂರಿಯಾ ಚೀಲ ಹೊದ್ದು ನಿಂತ ಗಾಡಿಗೂ ವ್ಯತ್ಯಾಸ ಕವರಿನ ಬೆಲೆಯಷ್ಟೇ.

ಆದ್ದರಿಂದ ಸ್ವಾಮಿ, ಮುಂದಿನ ಸಲ ಊರಿಗೆ ಹೋದಾಗ ಫೋಟೋ ತೆಗೆಯಬೇಡಿ. ತಿಂಗಳಿಗೆ ಎರಡು ಸಲವಾದರೂ ಓಡಿಸ್ತೀನಾ ಅಂತ ಕೇಳಿಕೊಳ್ಳಿ. ಹೌದಾದರೆ ಅವತ್ತೇ ಗೂಡ್ಸ್ ಆಟೋ ಕರೆಸಿ, ಮೆಕ್ಯಾನಿಕ್ ಹತ್ತಿರ ಒಯ್ಯಿರಿ, ಓಡುವಷ್ಟು ಮಾಡಿಸಿ. ಇಲ್ಲವಾದರೆ ಓಡಿಸುವವರಿಗೆ ಕೊಟ್ಟುಬಿಡಿ, ದುಡ್ಡಿಗೋ, ಪುಕ್ಕಟೆಗೋ. ಬಿಡಿಭಾಗಕ್ಕೆ ಹೋದರೂ ಇನ್ನೊಂದು ಗಾಡಿ ಬದುಕುತ್ತೆ. ಇಟ್ಟುಕೊಂಡು ಕೊಳೆಸುವುದಕ್ಕೆ ಮಾತ್ರ ಪ್ರೀತಿ ಅನ್ನುವ ಹೆಸರು ಕೊಡಬೇಡಿ.

ಅಪ್ಪನಿಗೆ ಮಂಡಿನೋವು, ಕಿಕ್ ಹೊಡೆಯೋಕೆ ಆಗಲ್ಲ. ಮೊದಲ ದಿನ ಗಾಡಿ ಸ್ಟಾರ್ಟ್ ಆಗಿ ಗ್ಯಾರೇಜ್ ತುಂಬ ಹೊಗೆ ಎದ್ದಾಗ, ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಬಂದು, ‘ಆಯಿಲ್ ಜಾಸ್ತಿ ಹಾಕಿದೀಯ ಕಣೋ’ ಅಂತ ನನಗೆ ಬೈದರು. ಆಮೇಲೆ ಹಿಂದಿನ ಸೀಟಿನಲ್ಲಿ ಕೂತು ಬೆಳ್ಳಾವಿವರೆಗೂ ಯಾವ ಸದ್ದಿಗೆ ಯಾವ ಗೇರು ಅಂತ ಹೇಳಿಕೊಡುತ್ತಾ ಬಂದರು. ಒಂಬತ್ತು ವರ್ಷದ ಹಿಂದೆಯೇ ಮಾಡಿಸಿದ್ದರೆ ಮುಂದಿನ ಸೀಟಿನಲ್ಲಿ ಅವರೇ ಇರುತ್ತಿದ್ದರು.