ಮೊದಲ ವರ್ಷದ ಹೊರೆ

ವಿಶಾಖಪಟ್ಟಣ, ವಿಜಯವಾಡಗಳ ನಮ್ಮ ಹೋಟೆಲು ನೌಕರರಲ್ಲಿಯೂ ಗುಮಾಸ್ತರಲ್ಲಿಯೂ ಮಕ್ಕಳನ್ನು ವೈದ್ಯರನ್ನಾಗಿಸಬೇಕೆಂಬ ಹಂಬಲ ಬೆಳೆದಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಇಂಟರ್‌ಮೀಡಿಯೆಟ್ ತರಗತಿಗೆ ಸೇರಿಸಿದ ದಿನವೇ ಅವರ ಬೆನ್ನಿಗೆ ಬೆಟ್ಟವನ್ನು ಕಟ್ಟುವುದು ಉಚಿತವಲ್ಲವೆಂದು ನಮಗೆ ತೋರುತ್ತದೆ.

ಕೈತಪ್ಪಿದರೆ ಇಂಜಿನಿಯರಿಂಗಾದರೂ ಇರಲೆಂದು ಗಣಿತವನ್ನೂ ಹೊರಿಸುವ ತಂದೆತಾಯಿಗಳುಂಟು. ನೀಟ್ ಪರೀಕ್ಷೆಯ 180 ಪ್ರಶ್ನೆಗಳಲ್ಲಿ 90 ಜೀವಶಾಸ್ತ್ರದವು. ಭೌತಶಾಸ್ತ್ರ, ರಸಾಯನಶಾಸ್ತ್ರಗಳವು ತಲಾ 45. ಗಣಿತಕ್ಕೆ ಅಲ್ಲಿ ಪ್ರತ್ಯೇಕ ಸ್ಥಾನವಿಲ್ಲ. ಭೌತಶಾಸ್ತ್ರಕ್ಕೆ ಬೇಕಾದಷ್ಟು ಲೆಕ್ಕ ಬಂದರೆ ಸಾಕು.

ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಪುಸ್ತಕದಲ್ಲಿ ಇಂಗ್ಲಿಷು. ಪಾಠದ ಭಾಷೆ ಹಿಡಿತಕ್ಕೆ ಬರುವುದಕ್ಕೇ ನಮ್ಮ ಮಕ್ಕಳಿಗೆ ಕೆಲವು ತಿಂಗಳು ಬೇಕು. ಅದರ ಮೇಲೆ ಹಗಲು ಕಾಲೇಜು, ಸಂಜೆ ಕೋಚಿಂಗ್, ರಾತ್ರಿ ಮತ್ತೊಂದು ಪರೀಕ್ಷೆ ಎಂದಾದರೆ ಓದಿದ್ದು ಅರಗುವುದೆಂತು? ಎರಡು ಪಾಳಿ ಬೆನ್ನುಬೆನ್ನಿಗೆ ದುಡಿದವನ ಕೈಯಿಂದ ಲೋಟ ಜಾರುವುದನ್ನು ನಮ್ಮ ಓದುಗರು ಬಲ್ಲರು.

ಮುಂಗಡ ಸಂಬಳ ತೆಗೆದು ಶುಲ್ಕ ತೆತ್ತವನ ಆತುರ ನಮಗೆ ಅರಿಯದುದಲ್ಲ. ಆದರೂ ನೀಟಿನ ಗರಿಷ್ಠ ವಯೋಮಿತಿಯನ್ನು 2022ರಲ್ಲಿಯೇ ತೆಗೆದುಹಾಕಲಾಗಿದೆ. ಒಂದು ವರ್ಷ ತಡವಾದರೆ ಬಾಗಿಲು ಮುಚ್ಚದು. ಎದೆಗುಂದಿದ ಮಗುವನ್ನು ಮರಳಿ ಓದಿಗೆ ಕೂರಿಸುವುದು ಕಷ್ಟ. ಆದುದರಿಂದ ಮೊದಲ ಆರು ತಿಂಗಳು ಅವಶ್ಯವಾದುದನ್ನಷ್ಟೇ ಓದಿಸಿರಿ, ನಿದ್ದೆಗೆಡಿಸದಿರಿ. ತಳಹದಿ ಗಟ್ಟಿಯಾದ ಮೇಲೆ ಮಹಡಿಯನ್ನೇರಿಸಬಹುದು.