ಗ್ಯಾಸ್ ಮುಗಿಯಿತೇ, ಸೋರಿತೇ?



ದೆಹಲಿಯ ಬಿಸಿಲು ನಿಮಗೆ ಹೊಸತಲ್ಲ. 2024ರ ಮೇ 29ರಂದು ಸಫ್ದರ್‌ಜಂಗ್‌ನಲ್ಲಿ 46.8 ಡಿಗ್ರಿ ದಾಖಲಾದದ್ದು ನೆನಪಿರಬಹುದು. ಹಳೆಯ ಏ.ಸಿ. ಕೈಕೊಡುವುದೂ ಇಂಥ ದಿನಗಳಲ್ಲೇ. ರಿಪೇರಿಗೆ ಬಂದವರು, "ಗ್ಯಾಸ್ ಮುಗಿದಿದೆ, ತುಂಬಿಸಿ, ಇಲ್ಲವಾದರೆ ಹೊಸದು ತನ್ನಿ" ಎನ್ನುತ್ತಾರೆ. ಕೈಗೆ ಸಂಬಳ ಬರತೊಡಗಿದ ಮೇಲೆ ಈ ತೀರ್ಮಾನ ನಿಮ್ಮ ಪಾಲಿಗೇ ಬರುತ್ತದೆ.

ಒಂದು ಮಾತು ತಿಳಿದಿರಲಿ. ಏ.ಸಿ.ಯ ಗ್ಯಾಸ್ ಅಡುಗೆ ಸಿಲಿಂಡರಿನಂತೆ ಉರಿದು ಖರ್ಚಾಗುವುದಲ್ಲ. ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಾ, ಕೋಣೆಯ ಶಾಖವನ್ನು ಹೊತ್ತು ಹೊರಗೆ ಹಾಕುತ್ತಿರುತ್ತದೆ. ಅದು ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರಿಕೆ ಹುಡುಕದೆ ಗ್ಯಾಸ್ ತುಂಬಿಸುವುದು ತೂತು ಕೊಡಕ್ಕೆ ನೀರು ಸುರಿದ ಹಾಗೆ. "ಎಲ್ಲಿ ಸೋರಿದೆ, ತೋರಿಸಿ" ಎಂದು ಮೊದಲು ಕೇಳಿ.

ಯಂತ್ರದ ವಯಸ್ಸಿಗಿಂತ ಮುಂಚೆ ಅದರ ಕಾಯಿಲೆ ನೋಡಬೇಕು. ಧೂಳು ಹಿಡಿದ ಫಿಲ್ಟರ್, ಕೆಟ್ಟ ಕೆಪಾಸಿಟರ್, ಸಡಿಲವಾದ ಜಾಯಿಂಟ್ ಇವೆಲ್ಲ ನೆಗಡಿ-ಕೆಮ್ಮು ಇದ್ದಂತೆ, ರಿಪೇರಿ ಮಾಡಿಸಿ. ಕಂಪ್ರೆಸರ್ ಸುಟ್ಟಿದ್ದರೆ ವಾರಂಟಿ ಕಾರ್ಡ್ ಹುಡುಕಿ. ಕೆಲವು ಕಂಪನಿಗಳು ಆ ಭಾಗಕ್ಕೆ 10 ವರ್ಷದವರೆಗೂ ವಾರಂಟಿ ಕೊಡುತ್ತವೆ. ಅದೂ ಮುಗಿದಿದ್ದು, ಖರ್ಚು ಹೊಸದರ ಅರ್ಧ ಬೆಲೆ ಮುಟ್ಟುವುದಾದರೆ ಬದಲಿಸುವುದೇ ಜಾಣತನ.

ಯಂತ್ರಕ್ಕೆ ಅಂಟಿಸಿದ ಪಟ್ಟಿಯನ್ನೂ ಓದಿ. ಆರ್-22 ಎಂದಿದ್ದರೆ ಅದು ಓಜೋನ್ ಪದರಕ್ಕೆ ಹಾನಿ ಮಾಡುವ ಅನಿಲ. 1987ರ ಮಾಂಟ್ರಿಯಲ್ ಒಪ್ಪಂದದಂತೆ 2030ರ ಹೊತ್ತಿಗೆ ನಮ್ಮ ದೇಶ ಅದನ್ನು ಬಹುಮಟ್ಟಿಗೆ ಕೈಬಿಡಬೇಕು. ಅಂಥ ಯಂತ್ರಕ್ಕೆ ದೊಡ್ಡ ಖರ್ಚು ಬೇಡ. ಅದರಲ್ಲಿ ಆರ್-32 ತುಂಬಿಸುತ್ತೇವೆಂದರೆ ಖಂಡಿತ ಒಪ್ಪಬೇಡಿ. ಅದು ಹೆಚ್ಚು ಒತ್ತಡದ, ಬೆಂಕಿ ಹಿಡಿಯಬಲ್ಲ ಅನಿಲ. ಹಳೆಯ ಯಂತ್ರ ಅದಕ್ಕೆಂದು ಮಾಡಿದ್ದಲ್ಲ.

ಈ ಲೆಕ್ಕಾಚಾರದ ನಡುವೆ ಮನೆಯ ಹಿರಿಯರನ್ನು ಮರೆಯಬೇಡಿ. "ನಮಗೆ ಫ್ಯಾನ್ ಸಾಕು ಮಗೂ" ಎಂದು ಅವರು ಹೇಳುವುದು ನಿಮ್ಮ ಹಣ ಉಳಿಯಲೆಂದು. ನಲವತ್ತು ಡಿಗ್ರಿ ಮೀರಿದಾಗ ಫ್ಯಾನ್ ಬೀಸುವುದು ಬಿಸಿ ಗಾಳಿಯನ್ನೇ. ವಯಸ್ಸಾದ ದೇಹಕ್ಕೆ ಬಾಯಾರಿಕೆಯೂ ತಡವಾಗಿ ತಿಳಿಯುತ್ತದೆ. ಮೂಲೆಯಲ್ಲಿರುವ ಕೂಲರ್ ಹೊರತೆಗೆಯಿರಿ, ಒಂದು ಕಿಟಕಿ ತೆರೆದಿಡಿ. ಮೇ ತಿಂಗಳ ಒಣ ಹವೆಯಲ್ಲಿ ಅದು ಚೆನ್ನಾಗಿ ತಂಪು ಕೊಡುತ್ತದೆ; ಮಳೆಗಾಲದ ಸೆಕೆಗೆ ಮಾತ್ರ ಆಗದು. ಡೆಂಗಿ ಸೊಳ್ಳೆ ಬೆಳೆಯದಂತೆ ವಾರಕ್ಕೊಮ್ಮೆ ನೀರು ಚೆಲ್ಲಿ, ತೊಟ್ಟಿ ಉಜ್ಜಿ ಒಣಗಿಸಿ.

ರಿಪೇರಿಯೋ ಹೊಸದೋ ಎಂಬುದನ್ನು ನಾಲ್ಕು ಕಡೆ ವಿಚಾರಿಸಿ, ಎರಡು ದಿನ ಬಿಟ್ಟು ತೀರ್ಮಾನಿಸಿದರೂ ನಡೆಯುತ್ತದೆ. ಅಜ್ಜಿಯ ಕೋಣೆ ತಂಪಾಗುವುದು ಇವತ್ತೇ ಆಗಬೇಕು.